ಬ್ರೀ ಪೇಟೆಯಲ್ಲಿ ಪಿಳ್ಳಾರಿ ಗೀತೆ: ‘ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್’ ಆಟದ ಸಂಗೀತ ಹೇಗಿದೆ?

ಮ ಪ ದ ಸ ಸ ರಿ. ಈ ಕಂಪ್ಯೂಟರ್ ಆಟದೊಳಗಿನ ಬ್ರೀ ಪೇಟೆಯ ಹೋಟೆಲ್ ಮುಂದಿನ ಕಲ್ಲುಹಾಸಿನ ಮೇಲೆ ನಿಂತು ನನ್ನ ಪಾತ್ರವಾದ ಹಾಬಿಟ್ (ಕಥೆಯ ಕುಳ್ಳ ಜನ) ಹುಡುಗಿ ಲ್ಯೂಟ್ ಎಂಬ ತಂತಿವಾದ್ಯದಲ್ಲಿ ಇದನ್ನು ನುಡಿಸುತ್ತಿದ್ದಾಗ ಡ್ವಾರ್ಫ್ ಪಾತ್ರದ ಇನ್ನೊಬ್ಬ ಆಟಗಾರ ಬಂದು ಎದುರಿಗೆ ಕೂತ. ಗೀತೆ ಮುಗಿಯುವವರೆಗೂ ಏಳಲಿಲ್ಲ. ಆಮೇಲೆ ಚಾಟ್‌ನಲ್ಲಿ ಕೇಳಿದ: “ಇದು ಯಾವ ಸಿನಿಮಾದ್ದು?” ಸಿನಿಮಾದ್ದಲ್ಲ, ನಮ್ಮ ಕಡೆ ಸಂಗೀತ ಕಲಿಯುವ ಮಕ್ಕಳ ಮೊದಲ ಗೀತೆ, ಮಾಡಿದ ಪುರಂದರದಾಸರು 1564ರಲ್ಲಿ ತೀರಿಕೊಂಡರು ಎಂದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, “ಹಾಗಾದರೆ ನಾನೂ ನುಡಿಸಬಹುದಾ?” ಎಂದು ಬಂತು. ನುಡಿಸಬಹುದು. ಯಾರ ಅಪ್ಪಣೆಯೂ ಬೇಡ. ಅವತ್ತೇ ಫೈಲನ್ನು ಮೇಲ್ ಮಾಡಿದೆ.

ಈ ಆಟದ ಬಗ್ಗೆ ಬರೆಯಬೇಕು ಎಂದು ಅನ್ನಿಸಿದ್ದು ಅವತ್ತು.

ನಾನು ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತೇನೆ. ಸಂಜೆ 5ರಿಂದ 7 ಗಂಟೆ, ಮನೆಯ ಮುಂದಿನ ಕೋಣೆಯಲ್ಲಿ, ಸರಳೆ, ಜಂಟಿ, ಅಲಂಕಾರ, ಗೀತೆ. ನನ್ನ ಅಣ್ಣ ಜರ್ಮನಿಯಲ್ಲಿದ್ದಾನೆ. ನಮಗೆ ರಾತ್ರಿ 10 ಗಂಟೆ ಅಂದರೆ ಅವನಿಗೆ ಚಳಿಗಾಲದಲ್ಲಿ ಸಂಜೆ ಐದೂವರೆ, ಬೇಸಿಗೆಯಲ್ಲಿ ಆರೂವರೆ. ಆಫೀಸಿನಿಂದ ಬಂದು ಅವನು ಆಟಕ್ಕೆ ಕೂರುವ ಹೊತ್ತು. ಫೋನಿನಲ್ಲಿ ಮಾತಾಡುತ್ತಿದ್ದರೆ ಹಿಂದಿನಿಂದ ವಾದ್ಯದ ಸದ್ದು ಕೇಳಿಸುತ್ತಿತ್ತು. “ಏನೋ ಅದು?” ಎಂದರೆ, “ಆಟದೊಳಗೆ ಬ್ಯಾಂಡ್ ಮಾಡ್ಕೊಂಡಿದ್ದೀವಿ ಕಣೇ, ನೀನೂ ಬಾ” ಎಂದ. ಎರಡು ವರ್ಷದ ಹಿಂದೆ ಹೋದೆ. ಕತ್ತಿ ಹಿಡಿದು ಜಗಳ ಆಡಿದ್ದು ಕಡಿಮೆ. ವಾದ್ಯ ಹಿಡಿದಿದ್ದೇ ಜಾಸ್ತಿ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಆಟದ ಸಂಗೀತದ ಭಾಗದ ಬಗ್ಗೆ ಮಾತ್ರ. ಮಿಕ್ಕಿದ್ದನ್ನು ಆಡಿ ಪಳಗಿದವರು ಹೇಳಬೇಕು.

ಆಟ ಶುರುವಾಗಿದ್ದು 2007ರ ಏಪ್ರಿಲ್‌ನಲ್ಲಿ. ಆಗ ಟರ್ಬೈನ್ ಅನ್ನುವ ಅಮೆರಿಕದ ಕಂಪನಿ ನಡೆಸುತ್ತಿತ್ತು. 2010ರಿಂದ ದುಡ್ಡು ಕೊಡದೆಯೂ ಆಡಬಹುದು. 2016ರ ಕೊನೆಯಿಂದ ಸ್ಟ್ಯಾಂಡಿಂಗ್ ಸ್ಟೋನ್ ಗೇಮ್ಸ್ ನೋಡಿಕೊಳ್ಳುತ್ತಿದೆ. ಸಂಗೀತಕ್ಕೆಂದು ನಾನು ಇದುವರೆಗೆ ಒಂದು ರೂಪಾಯಿ ಖರ್ಚು ಮಾಡಿಲ್ಲ. ಮಿನ್‌ಸ್ಟ್ರೆಲ್ (ಹಾಡುಗಾರ) ಪಾತ್ರ ಆರಿಸಿಕೊಂಡರೆ ಲ್ಯೂಟ್ ಕೈಗೆ ಬರುತ್ತದೆ. ಹಾರ್ಪ್, ಥಿಯೊರ್ಬೊ (ದಪ್ಪ ದನಿಯ ದೊಡ್ಡ ಲ್ಯೂಟ್), ಕೊಳಲು, ಕ್ಲಾರಿನೆಟ್, ಹಾರ್ನ್, ಬ್ಯಾಗ್‌ಪೈಪ್, ಡ್ರಮ್, ಕೌಬೆಲ್ ಎಲ್ಲ ಇವೆ. ಪಿಟೀಲು ಆಮೇಲೆ ಸೇರಿತು. ಬೇರೆ ಪಾತ್ರದವರಿಗೆ ವಾದ್ಯ ನುಡಿಸುವುದನ್ನು ಮಿನ್‌ಸ್ಟ್ರೆಲ್ ಕಲಿಸಿಕೊಡಬಹುದು. ಅಣ್ಣನ ಎಲ್ಫ್‌ಗೆ ಪಾಠ ಹೇಳಿಕೊಟ್ಟಿದ್ದು ನನ್ನ ಹಾಬಿಟ್. ಚಿಕ್ಕವಳಿದ್ದಾಗ ನನಗೆ ತಾಳ ಹಾಕಲು ಕಲಿಸಿದವನು ಅವನು. ಅದಕ್ಕೇ ಆ ದಿನ ನನಗೆ ಚೆನ್ನಾಗಿ ನೆನಪಿದೆ.

ವಾದ್ಯ ಹಿಡಿದು ಸಂಗೀತದ ಮೋಡ್‌ಗೆ ಹೋದರೆ ಕೀಬೋರ್ಡಿನ ಅಂಕಿಗಳೇ ಸ್ವರಗಳಾಗುತ್ತವೆ. ಕೈಯಲ್ಲೇ ನುಡಿಸಬಹುದು. ಆದರೆ ಮೈಸೂರಿನಿಂದ ಅಮೆರಿಕದ ಸರ್ವರ್‌ಗೆ ಹೋಗಿ ಬರುವಷ್ಟರಲ್ಲಿ ಸ್ವರ ತಡವಾಗುತ್ತದೆ. ತಾಳ ನಿಲ್ಲುವುದಿಲ್ಲ. ಈ ಆಟದ ನಿಜವಾದ ಬಲ ಇರುವುದು ಇನ್ನೊಂದು ದಾರಿಯಲ್ಲಿ. ಎಬಿಸಿ ನೊಟೇಶನ್ ಎಂದು ಒಂದು ಪದ್ಧತಿ ಇದೆ. ಜನಪದ ಟ್ಯೂನ್‌ಗಳನ್ನು ಕಂಪ್ಯೂಟರಿನಲ್ಲಿ ಬರಿ ಅಕ್ಷರಗಳಲ್ಲಿ ಬರೆದಿಡಲು ಕ್ರಿಸ್ ವಾಲ್ಶಾ ಎನ್ನುವವರು ಮಾಡಿದ್ದು. ನೋಟ್‌ಪ್ಯಾಡ್‌ನಲ್ಲಿ ಸ್ವರ ಬರೆದು, ಫೈಲನ್ನು ಆಟದ ಮ್ಯೂಸಿಕ್ ಫೋಲ್ಡರ್‌ನಲ್ಲಿ ಇಟ್ಟು, ಚಾಟ್‌ನಲ್ಲಿ ಒಂದು ಆಜ್ಞೆ ಕೊಟ್ಟರೆ ನಮ್ಮ ಪಾತ್ರ ಅದನ್ನು ನುಡಿಸುತ್ತದೆ. ಸುತ್ತ ಇರುವವರಿಗೆಲ್ಲ ಕೇಳುತ್ತದೆ. ನಾಲ್ಕೈದು ಜನ ಸೇರಿದರೆ ಒಬ್ಬೊಬ್ಬರು ಒಂದೊಂದು ಭಾಗ ತೆರೆದುಕೊಂಡು ಕಾಯಬೇಕು. ಮುಂದಾಳು ‘ಶುರು’ ಎಂದ ತಕ್ಷಣ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ಆಗ ತಡ ಇಲ್ಲ, ಹಿಂದೆ ಮುಂದೆ ಇಲ್ಲ. ಜರ್ಮನಿಯ ಥಿಯೊರ್ಬೊ, ಮೈಸೂರಿನ ಲ್ಯೂಟ್, ಇನ್ನೆಲ್ಲಿಯದೋ ಡ್ರಮ್, ಮೂರೂ ಒಂದೇ ಎಡುಪಿನಲ್ಲಿ (ಎತ್ತಿಕೊಳ್ಳುವ ಜಾಗದಲ್ಲಿ).

ಈ ಆಟದಲ್ಲಿ ಸಂಗೀತಕ್ಕೆ ಒಂದು ದೊಡ್ಡ ಸಮಾಜವೇ ಇದೆ. ವೆದರ್‌ಟಾಪ್ ಅನ್ನುವ ಬೆಟ್ಟದ ಮೇಲೆ ವೆದರ್‌ಸ್ಟಾಕ್ ಎಂಬ ಸಂಗೀತೋತ್ಸವ 2009ರಲ್ಲಿ ಶುರುವಾಯಿತು. ಶುರು ಮಾಡಿದ್ದು ಲ್ಯಾಂಡ್ರೊವಲ್ ಸರ್ವರ್‌ನ ಆಟಗಾರರೇ. ಬ್ಯಾಂಡ್ ಮೇಲೆ ಬ್ಯಾಂಡ್ ಬಂದು ನುಡಿಸುತ್ತವೆ, ಜನ ಗುಡ್ಡದ ಮೇಲೆ ಕೂತು ಕೇಳುತ್ತಾರೆ. ರಾಮನವಮಿ ಪೆಂಡಾಲಿನಲ್ಲಿ ಚಾಪೆ ಹಾಸಿಕೊಂಡು ಕೂತು ಬೆಳೆದವಳಿಗೆ ಇದರ ಖುಷಿಯನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಜನ ನುಡಿಸುವುದು ಏನು? ಅರ್ಧಕ್ಕರ್ಧ ಸಿನಿಮಾ ಟ್ಯೂನ್, ರಾಕ್ ಹಾಡು, ಬೇರೆ ಆಟಗಳ ಸಂಗೀತ. ಯಾರೋ ಕೂತು ಕೇಳಿ ಎಬಿಸಿಗೆ ಇಳಿಸಿ ಹಂಚಿದ ಫೈಲುಗಳು. ಮೊದಲ ಮೂರು ತಿಂಗಳು ನಾನೂ ಅದನ್ನೇ ಇಳಿಸಿಕೊಂಡು ನುಡಿಸುತ್ತಿದ್ದೆ. ಇದು ಯಾರದ್ದು ಎಂದು ಒಂದು ಸಲವೂ ಯೋಚಿಸಲಿಲ್ಲ. ಸುಮ್ನೆ ಆಟ ಅಲ್ವಾ ಎಂದುಕೊಂಡಿದ್ದೆ.

ಬದಲಾಗಿದ್ದು ಒಂದು ಗೀತೆ ಬರೆಯಲು ಕೂತಾಗ. ‘ಶ್ರೀ ಗಣನಾಥ’, ಮಲಹರಿ ರಾಗ, ರೂಪಕ ತಾಳ. ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳಿಕೊಡುತ್ತೇನೆ. ಕಣ್ಣು ಮುಚ್ಚಿ ಬರೆಯಬಹುದು ಎಂದುಕೊಂಡಿದ್ದೆ. ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ದೊಡ್ಡ ಅಕ್ಷರದ ‘ಸಿ’ ಇಟ್ಟುಕೊಂಡೆ. ಆಗ ಮ ಅಂದರೆ ‘ಎಫ್’, ಪ ಅಂದರೆ ‘ಜಿ’. ಮಲಹರಿಯ ಧೈವತ (ದ) ಶುದ್ಧ ಧೈವತ. ಅದಕ್ಕೆ ‘ಎ’ ಬರೆಯುವ ಮೊದಲು ಒಂದು ಅಡಿಗೆರೆ ಹಾಕಬೇಕು, ಅರ್ಧ ಸ್ವರ ಇಳಿಸು ಎಂದು. ಮೇಲಿನ ಷಡ್ಜ ಸಣ್ಣ ಅಕ್ಷರದ ‘ಸಿ’. ಮೇಲಿನ ರಿಷಭಕ್ಕೆ ಅಡಿಗೆರೆ ಹಾಕಿದ ಸಣ್ಣ ‘ಡಿ’. ಮೊದಲ ಆವರ್ತ (ತಾಳದ ಒಂದು ಸುತ್ತು) ಆಯಿತು: ಮ ಪ, ದ ಸ ಸ ರಿ. ಅಲ್ಲಿ ಗೆರೆ ಎಳೆದೆ. ಎರಡನೆಯದು: ರಿ ಸ, ದ ಪ ಮ ಪ.

ನುಡಿಸಿದರೆ ಎರಡನೇ ಆವರ್ತದ ಮೊದಲ ಸ್ವರವೇ ತಪ್ಪು. ಕಿವಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಶುದ್ಧ ರಿಷಭ ಬರಬೇಕಾದ ಕಡೆ ಅರ್ಧ ಸ್ವರ ಮೇಲಿನ ಚತುಶ್ರುತಿ ರಿಷಭ. ಅರ್ಧ ಗಂಟೆ ಹುಡುಕಿದೆ. ಎಬಿಸಿಯಲ್ಲಿ ಅಡಿಗೆರೆಯ ಪ್ರಭಾವ ಆ ಆವರ್ತದ ಗೆರೆಯವರೆಗೆ ಮಾತ್ರ. ಗೆರೆ ದಾಟಿದರೆ ಮತ್ತೆ ಹಾಕಬೇಕು. ಗೀತೆಯಲ್ಲಿ ಒಂದು ರಿ ಗೆರೆಯ ಈಚೆ, ಇನ್ನೊಂದು ರಿ ಗೆರೆಯ ಆಚೆ. ನಾನು ಎರಡನೆಯದಕ್ಕೆ ಹಾಕಿರಲಿಲ್ಲ. ಹಾಕಿದೆ. ಸರಿಹೋಯಿತು. ಕೊನೆಗೆ ದ ಪ, ಮ ಗ ರಿ ಸ ಎಂದು ಇಳಿದು ಬಂದಾಗ ಆ ಗಾಂಧಾರ (ಗ) ಲ್ಯೂಟ್‌ನಲ್ಲಿ ಎಷ್ಟು ಸ್ಪಷ್ಟವಾಗಿ ಕೇಳಿಸಿತು ಅಂದರೆ, ಮಾರನೇ ದಿನ ಪಾಠದಲ್ಲಿ ಮಕ್ಕಳಿಗೂ ಅದನ್ನೇ ಕೇಳಿಸಿದೆ. ಮಲಹರಿಯಲ್ಲಿ ಗ ಹತ್ತುವಾಗ ಇಲ್ಲ, ಇಳಿಯುವಾಗ ಮಾತ್ರ ಇದೆ ಎನ್ನುವುದು ಅವರಿಗೆ ಅವತ್ತು ಕಿವಿಯಿಂದಲೇ ಗೊತ್ತಾಯಿತು.

ಈ ಫೈಲಿನ ಒಂದೊಂದು ಅಕ್ಷರವೂ ನಾನು ಬರೆದದ್ದು. ರಾಗ ತಾಳ ಎಲ್ಲರಿಗೂ ಸೇರಿದ್ದು. ಇಂಥದ್ದನ್ನು ಬೀದಿಯಲ್ಲಿ ನುಡಿಸುವಾಗ ಮನಸ್ಸಿಗೆ ಸಿಗುವ ಹಗುರ ಇದೆಯಲ್ಲ, ಅದು ಇಳಿಸಿಕೊಂಡ ಫೈಲಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಈ ವಾದ್ಯಗಳಲ್ಲಿ ಗಮಕ ಬರುವುದಿಲ್ಲ. ಸ್ವರ ನಿಂತಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ. ಮೂರು ಸ್ಥಾಯಿ ಇದೆ, ಹನ್ನೆರಡು ಸ್ವರಸ್ಥಾನವೂ ಇದೆ, ಆದರೆ ಎರಡು ಸ್ವರದ ನಡುವಿನ ದಾರಿ ಇಲ್ಲ. ತೋಡಿ ರಾಗವನ್ನು ಒಂದು ಸಲ ಬರೆದು ನೋಡಿದೆ. ಗಾಂಧಾರವನ್ನು ಅಲ್ಲಾಡಿಸಲು ಸಣ್ಣ ಸಣ್ಣ ಸ್ವರಗಳನ್ನು ಪಕ್ಕಪಕ್ಕ ಜೋಡಿಸಿದೆ. ಅಳಿಸಿ ಹಾಕಿದೆ. ತೋಡಿಗೆ ಅದು ಅವಮಾನ. ಕೊಳಲಿನ ದನಿ ತೆಳು. ಶ್ರುತಿಗೆಂದು ಥಿಯೊರ್ಬೊದಲ್ಲಿ ಸ ಪ ಸ ಮೀಟಿಸಬೇಕು. ಒಂದೇ ಸ್ವರವನ್ನು ತುಂಬಾ ಉದ್ದ ಬರೆದರೆ ಆಟ ಒಪ್ಪುವುದಿಲ್ಲ, ತಪ್ಪು ತೋರಿಸುತ್ತದೆ. ಡ್ರಮ್ ಇದೆ. ಆದರೆ ಮೃದಂಗದ ತೊಪ್ಪಿಯ ಗುಮುಕಿ ಕೇಳಿ ಬೆಳೆದ ಕಿವಿಗೆ ಅದು ಬರಿ ಟಕಟಕ.

ಹಾಗಾದರೆ ಏನು ನುಡಿಸಬೇಕು? ಇದಕ್ಕೆ ಉತ್ತರ ದೀಕ್ಷಿತರ ಹತ್ತಿರವೇ ಇತ್ತು. ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಹತ್ತಿರ ಮಣಲಿಯಲ್ಲಿ ಇದ್ದಾಗ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡ್ ಕೇಳಿದವರು. ಆ ಪಾಶ್ಚಾತ್ಯ ಟ್ಯೂನ್‌ಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ಅವೇ ನೊಟ್ಟುಸ್ವರಗಳು. ಎಲ್ಲ ಶಂಕರಾಭರಣದ ಸ್ವರಗಳು. ಗಮಕ ಇಲ್ಲದೆ ನೇರವಾಗಿ ನಿಲ್ಲುವಂಥವು. ‘ಸಂತತಂ ಪಾಹಿಮಾಂ’ ಅಂದರೆ ಇಂಗ್ಲೆಂಡಿನ ರಾಜಗೀತೆಯ ಧಾಟಿ. ದೀಕ್ಷಿತರು ತೀರಿಕೊಂಡಿದ್ದು 1835ರಲ್ಲಿ. ಲ್ಯೂಟ್, ಕ್ಲಾರಿನೆಟ್, ಹಾರ್ಪ್ ಮೂರನ್ನು ಸೇರಿಸಿ ನೊಟ್ಟುಸ್ವರ ನುಡಿಸಿದರೆ ಈ ಆಟಕ್ಕೆಂದೇ ಮಾಡಿದ ಹಾಗಿರುತ್ತದೆ. ನಾವು ಇದುವರೆಗೆ 11 ನೊಟ್ಟುಸ್ವರ ಬರೆದಿದ್ದೇವೆ. ಇಂಗ್ಲೆಂಡಿನವರೊಬ್ಬರು ‘ಸಂತತಂ’ ಕೇಳಿ ಥಟ್ಟನೆ ಎದ್ದು ನಿಂತರು. ಎರಡು ನೂರು ವರ್ಷದ ಹಿಂದೆ ಈ ಟ್ಯೂನ್ ನಮ್ಮ ಕಡೆ ಬಂದು ದೇವಿಯ ಸ್ತುತಿ ಆಯಿತು ಎಂದು ಹೇಳಿದಾಗ ಇನ್ನೊಂದು ಸಲ ನುಡಿಸಿ ಎಂದರು.

ಈಗ ನಮಗಾದ ತೊಂದರೆ. ‘ಶ್ಯಾಮಳೆ ಮೀನಾಕ್ಷಿ’ ಎಂಬ ನೊಟ್ಟುಸ್ವರ ಇದೆ. ಅದರ ಧಾಟಿ ಎಲ್ಲರಿಗೂ ಗೊತ್ತು. ಎಲ್‌ಕೆಜಿ ಮಕ್ಕಳ ‘ಟ್ವಿಂಕಲ್ ಟ್ವಿಂಕಲ್’. ಮೂಲದಲ್ಲಿ ಅದು ಫ್ರಾನ್ಸಿನ ಹಳೇ ಟ್ಯೂನ್, 1761ರಲ್ಲೇ ಅಚ್ಚಾಗಿದೆ. ಮೊಜಾರ್ಟ್ ಕೂಡ ಅದರ ಮೇಲೆ ಹನ್ನೆರಡು ವೇರಿಯೇಶನ್ ಬರೆದಿದ್ದಾನೆ. ಇಂಗ್ಲಿಷ್ ಪದ್ಯ ಬಂದಿದ್ದು 1806ರಲ್ಲಿ. ಇದಕ್ಕಿಂತ ಮುಕ್ತವಾದ ಟ್ಯೂನ್ ಎಲ್ಲಿ ಸಿಗುತ್ತದೆ ಹೇಳಿ? ನಾವು ಐದು ಜನ ಬ್ರೀಯಲ್ಲಿ ನುಡಿಸಿದ್ದನ್ನು ಅಣ್ಣ ರೆಕಾರ್ಡ್ ಮಾಡಿ ಒಂದು ವಿಡಿಯೊ ಜಾಲತಾಣಕ್ಕೆ ಹಾಕಿದ. ಒಂದು ಗಂಟೆಯೊಳಗೆ ನೋಟಿಸ್. ಇದರಲ್ಲಿ ನಮ್ಮ ಹಾಡಿದೆ ಎಂದು ಮಕ್ಕಳ ಹಾಡು ಮಾರುವ ಒಂದು ಕಂಪನಿಯ ಹಕ್ಕುಸಾಧನೆ. ನಾವು ಜಾಹೀರಾತು ಹಾಕಿಯೇ ಇರಲಿಲ್ಲ. ಆದರೂ ನಮ್ಮ ವಿಡಿಯೊ ಮುಂದೆ ಜಾಹೀರಾತು ಬರತೊಡಗಿತು. ಅದರ ದುಡ್ಡು ಅವರಿಗೆ.

ನನಗೆ ಅವತ್ತು ನಿದ್ದೆ ಬರಲಿಲ್ಲ. ದುಡ್ಡಿಗಾಗಿ ಅಲ್ಲ. ನಮ್ಮ ವಿಡಿಯೊದ ಕೆಳಗೆ ದೀಕ್ಷಿತರ ಹೆಸರು ಇತ್ತು. ಅದರ ಮೇಲೆ ಇನ್ಯಾರದೋ ಹೆಸರು ಮಾಲೀಕ ಎಂದು ಬಂದಿತ್ತು.

ಅಣ್ಣ “ಬಿಡೇ, ಡಿಲೀಟ್ ಮಾಡೋಣ” ಎಂದ. ನಾನು ಬಿಡಲಿಲ್ಲ. ಆಕ್ಷೇಪಣೆ ಬರೆಯಲು ಜಾಗ ಇರುತ್ತದೆ, ಅಲ್ಲಿ ಬರೆದೆ. ಟ್ಯೂನ್ 1761ರದ್ದು, ಸಾಹಿತ್ಯ ಕಟ್ಟಿದವರು 1835ರಲ್ಲಿ ತೀರಿಕೊಂಡವರು, ಸ್ವರ ಬರೆದ ಫೈಲ್ ನನ್ನದು, ಐದು ಭಾಗವನ್ನೂ ನಾನೇ ಜೋಡಿಸಿದ್ದು, ಯಾರ ರೆಕಾರ್ಡಿಂಗನ್ನೂ ಬಳಸಿಲ್ಲ. ಎಬಿಸಿ ಫೈಲಿನ ಮೊದಲ ಇಪ್ಪತ್ತು ಸಾಲನ್ನೂ ಅಂಟಿಸಿದೆ. ಮೂರು ವಾರದ ಮೇಲೆ ಹಕ್ಕುಸಾಧನೆ ಹಿಂದಕ್ಕೆ ಹೋಯಿತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ.

ಆ ಮೂರು ವಾರ ನಾನು ಓದಿದ್ದೇ ಓದಿದ್ದು. ಒಂದು ಹಾಡಿನಲ್ಲಿ ಹಕ್ಕು ಒಂದೇ ಇರುವುದಿಲ್ಲ, ಪದರ ಪದರವಾಗಿ ಇರುತ್ತದೆ ಎನ್ನುವುದು ನನಗೆ ಆಗ ಸರಿಯಾಗಿ ಅರ್ಥವಾಯಿತು. ಟ್ಯೂನ್ ಒಂದು. ಸಾಹಿತ್ಯ ಇನ್ನೊಂದು. ಹಳೇ ಟ್ಯೂನನ್ನು ಯಾರಾದರೂ ಹೊಸದಾಗಿ ಜೋಡಿಸಿ ನಾಲ್ಕು ವಾದ್ಯಕ್ಕೆ ಹಂಚಿದ್ದರೆ ಆ ಜೋಡಣೆ ಅವರದ್ದು. ರೆಕಾರ್ಡಿಂಗ್ ಮತ್ತೂ ಬೇರೆ. ಬಾಖ್ 1750ರಲ್ಲಿ ತೀರಿಕೊಂಡ, ಅವನ ಸಂಗೀತ ಎಲ್ಲರದ್ದು. ಆದರೆ ಹೋದ ವರ್ಷ ಒಬ್ಬರು ಬಾಖ್ ನುಡಿಸಿದ ಆಲ್ಬಂ ಅವರದ್ದೇ. ಆ ಜಾಲತಾಣದ ಯಂತ್ರಕ್ಕೆ ಈ ಪದರಗಳ ಗೋಜಿಲ್ಲ. ದನಿ ಹೋಲಿಸುತ್ತದೆ, ಹೋಲಿದರೆ ನೋಟಿಸ್ ಕಳಿಸುತ್ತದೆ. ಆಟದೊಳಗೆ ನುಡಿಸಿದ್ದಕ್ಕೆ ನಮ್ಮನ್ನು ಯಾರೂ ಕೇಳಿರಲಿಲ್ಲ. ವಿಡಿಯೊ ಹೊರಗೆ ಬಂದಾಗ ಕೇಳಿದರು. ನುಡಿಸುವವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೇದು.

ಇಳಿಸಿಕೊಂಡ ಫೈಲುಗಳ ತೊಡಕೂ ಇದೇ. ಟ್ಯೂನ್ ಹಳೆಯದೇ ಇರಬಹುದು. ಆದರೆ ಅದನ್ನು ಆರು ವಾದ್ಯಕ್ಕೆ ಜೋಡಿಸಿದವರ ಶ್ರಮ ಅದರಲ್ಲಿದೆ. ಎಬಿಸಿ ಫೈಲಿನ ತಲೆಯಲ್ಲಿ ಇದಕ್ಕೆಲ್ಲ ಸಾಲುಗಳಿವೆ. ‘ಸಿ’ ಸಾಲಿನಲ್ಲಿ ಸಂಗೀತ ಮಾಡಿದವರ ಹೆಸರು, ‘ಝಡ್’ ಸಾಲಿನಲ್ಲಿ ಬರೆದು ಇಳಿಸಿದವರ ಹೆಸರು, ‘ಎಸ್’ ಸಾಲಿನಲ್ಲಿ ಎಲ್ಲಿಂದ ತೆಗೆದುಕೊಂಡದ್ದು ಎಂದು. ಎಷ್ಟೋ ಫೈಲುಗಳಲ್ಲಿ ಈ ಮೂರೂ ಖಾಲಿ. ನಾನು ಮೂರನ್ನೂ ತುಂಬದೆ ಯಾವ ಫೈಲನ್ನೂ ಯಾರಿಗೂ ಕೊಡುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಕಷ್ಟ ಆಗಿದ್ದು ಕನ್ನಡ ಸಿನಿಮಾ ಹಾಡುಗಳ ವಿಷಯದಲ್ಲಿ. ಅಣ್ಣನ ಪರಿಚಯದ ಕನ್ನಡದವರು ಮೂರು ಜನ ಆಟಕ್ಕೆ ಬರುತ್ತಾರೆ. ಬಂದ ಕೂಡಲೇ ರಾಜನ್-ನಾಗೇಂದ್ರ ಹಾಡು ನುಡಿಸಿ ಎನ್ನುತ್ತಾರೆ. ನನಗೂ ಆಸೆ ಇದೆ. ಆ ಹಾಡುಗಳನ್ನು ಕೇಳಿಯೇ ನನಗೆ ಸಂಗೀತದ ಹುಚ್ಚು ಹತ್ತಿದ್ದು. ಆದರೆ ಲೆಕ್ಕ ನೋಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಂಗೀತ ಕೃತಿಯ ಹಕ್ಕು ಕರ್ತೃ ತೀರಿಕೊಂಡು 60 ವರ್ಷದವರೆಗೆ. ಮೊದಲು 50 ಇತ್ತು, 1992ರಲ್ಲಿ 60 ಮಾಡಿದರು. ಇಬ್ಬರು ಸೇರಿ ಮಾಡಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಸಬೇಕು. ನಾಗೇಂದ್ರ ಅವರು 2000ದಲ್ಲಿ ಹೋದರು, ರಾಜನ್ ಅವರು 2020ರಲ್ಲಿ. ಅಂದರೆ 2080 ಮುಗಿಯುವವರೆಗೆ ಆ ಟ್ಯೂನ್‌ಗಳಿಗೆ ಹಕ್ಕುದಾರರಿದ್ದಾರೆ. ಪಾಠದ ಕೋಣೆಯಲ್ಲಿ ಗುನುಗುವುದು ಬೇರೆ, ನೂರು ಜನ ಕೂತ ಬೆಟ್ಟದ ಮೇಲೆ ನುಡಿಸಿ ವಿಡಿಯೊ ಹಾಕುವುದು ಬೇರೆ. ನಾನು ನುಡಿಸುತ್ತಿಲ್ಲ. ಅವರಿಗೆ ಬೇಜಾರಾಗುತ್ತದೆ. ನನಗೂ ಆಗುತ್ತದೆ.

ಈ ಆಟದಲ್ಲಿ ತುಂಬಾ ಜನ ಕೇಳುವುದು ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದ ಸಂಗೀತ. ಅದೇ ಲೋಕದ ಆಟ, ನುಡಿಸಿದರೆ ಏನು ಎಂದು ಅನ್ನಿಸುವುದು ಸಹಜ. ಆದರೆ ಸಿನಿಮಾದ ಸಂಗೀತ ಬೇರೆಯವರದು, ಆಟದ್ದಲ್ಲ. ಕಾದಂಬರಿಯೊಳಗಿನ ಪದ್ಯಗಳಿಗೆ ರಾಗ ಹಾಕುವವರೂ ಇದ್ದಾರೆ. ಬರೆದ ಟೋಲ್ಕಿನ್ ತೀರಿಕೊಂಡಿದ್ದು 1973ರಲ್ಲಿ. ನಮ್ಮ ಲೆಕ್ಕದಲ್ಲೇ 2033ರ ಕೊನೆಯವರೆಗೆ, ಇಂಗ್ಲೆಂಡಿನ ಲೆಕ್ಕದಲ್ಲಿ 2043ರ ಕೊನೆಯವರೆಗೆ ಆ ಪದ್ಯಗಳಿಗೆ ಹಕ್ಕಿದೆ.

ಮದುವೆಯ ಮಾತೂ ಹೇಳಬೇಕು. ಆಟದಲ್ಲಿ ಮದುವೆ ಮಾಡಿಕೊಳ್ಳುತ್ತಾರೆ. ಪಾತ್ರಗಳ ಮದುವೆ. ಹೋದ ಡಿಸೆಂಬರಿನಲ್ಲಿ ಒಂದಕ್ಕೆ ನಮ್ಮ ಬ್ಯಾಂಡನ್ನು ಕರೆದರು. ನಮ್ಮ ಕಾಯ್ದೆಯಲ್ಲಿ ಮದುವೆ ಮನೆಯ ಸಂಗೀತಕ್ಕೆ ವಿನಾಯಿತಿ ಇದೆ. 52ನೇ ಸೆಕ್ಷನ್‌ನಲ್ಲಿ ದಿಬ್ಬಣವನ್ನೂ ಸೇರಿಸಿ ಬರೆದಿದ್ದಾರೆ. ಅದಕ್ಕೇ ವಾಲಗದವರು ಮುಹೂರ್ತ ಆದ ಮೇಲೆ ಸಿನಿಮಾ ಹಾಡು ಊದಿದರೂ ತೊಂದರೆ ಇಲ್ಲ. ಆದರೆ ಹಾಬಿಟ್‌ಗೂ ಎಲ್ಫ್‌ಗೂ ಆಗುವ ಮದುವೆ ಕಾಯ್ದೆ ಹೇಳುವ ಮದುವೆ ಅಲ್ಲ. ನಾವು ಮೆಂಡೆಲ್‌ಸನ್ 1842ರಲ್ಲಿ ಬರೆದ ಮದುವೆಯ ಮಾರ್ಚ್ ನುಡಿಸಿದೆವು. ಸ್ವರ ತೆಗೆದುಕೊಂಡಿದ್ದು ಹಳೇ ಸಂಗೀತದ ಸ್ವರಪ್ರತಿಗಳನ್ನು ಕೂಡಿಟ್ಟಿರುವ ಐಎಂಎಸ್‌ಎಲ್‌ಪಿ ಜಾಲತಾಣದ ಹಳೇ ಅಚ್ಚಿನ ಪ್ರತಿಯಿಂದ. ಈ ತಾಣ ಇಲ್ಲದಿದ್ದರೆ ನಮ್ಮ ಬ್ಯಾಂಡಿನ ಕೆಲಸ ಅರ್ಧ ಆಗುತ್ತಿರಲಿಲ್ಲ. 2006ರಲ್ಲಿ ಕೆನಡಾದ ಒಬ್ಬ ವಿದ್ಯಾರ್ಥಿ ಶುರು ಮಾಡಿದ್ದು. 2007ರಲ್ಲಿ ವಿಯೆನ್ನಾದ ಒಂದು ಪ್ರಕಾಶನದ ವಕೀಲರ ಪತ್ರ ಬಂದು ಮುಚ್ಚಿತು. ಕರ್ತೃ ತೀರಿಕೊಂಡ ಮೇಲೆ ಹಕ್ಕಿನ ಅವಧಿ ಕೆನಡಾದಲ್ಲಿ ಆಗ 50 ವರ್ಷ, ಯುರೋಪಿನಲ್ಲಿ 70 ವರ್ಷ, ಅದೇ ಜಗಳ. 2008ರಲ್ಲಿ ಮತ್ತೆ ತೆರೆಯಿತು. ಒಂದು ಎಚ್ಚರಿಕೆ: ಅಲ್ಲಿ ಒಂದೇ ಕೃತಿಯ ಹೊಸ ಜೋಡಣೆಗಳೂ ಇರುತ್ತವೆ. ಹಳೇ ಅಚ್ಚು ನೋಡಿ ತೆಗೆದುಕೊಳ್ಳಬೇಕು.

ಮೈಸೂರಿನವಳಾಗಿ ನನಗೆ ತುಂಬಾ ಸಂತೋಷ ಕೊಟ್ಟ ದಿನಾಂಕ 2022ರ ಜನವರಿ 1. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು. ಮುಂದಿನ ವರ್ಷದ ಜನವರಿಯಿಂದ ಎಣಿಸಿದರೆ 60 ವರ್ಷ ಮುಗಿದಿದ್ದು 2021ರ ಕೊನೆಗೆ. ಅವರ ‘ಬ್ರೋಚೇವಾರೆವರುರಾ’ ಕೀರ್ತನೆ ನಮ್ಮ ದೇಶದಲ್ಲಿ ಈಗ ಎಲ್ಲರದ್ದು. ಯುರೋಪಿನಲ್ಲಿ 70 ವರ್ಷದ ಲೆಕ್ಕ ಇದ್ದರೂ, ಹೊರದೇಶದ ಕೃತಿಗೆ ಅದರ ಸ್ವಂತ ದೇಶದಲ್ಲಿ ಅವಧಿ ಮುಗಿದಿದ್ದರೆ ಅಲ್ಲೂ ಮುಗಿದಂತೆ ಎಂಬ ನಿಯಮವಿದೆ. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಹಳೇ ಕೃತಿಗಳಿಗೆ ಪ್ರಕಟವಾದ ವರ್ಷ ನೋಡುತ್ತಾರೆ, 95 ವರ್ಷ. 2026ರ ಜನವರಿಗೆ 1930ರವರೆಗೆ ಅಚ್ಚಾದವು ಅಲ್ಲಿ ಮುಕ್ತ. ಹೀಗಾಗಿ ಅಮೆರಿಕದ ಸರ್ವರ್‌ನಲ್ಲಿ ನಾನು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟ್’ ಎಂಬ ಪಾಶ್ಚಾತ್ಯ ಧಾಟಿಯ ರಚನೆಯನ್ನೂ ಮುಟ್ಟಿಲ್ಲ. ಭಾಗವತರು ಮೈಸೂರು ಆಸ್ಥಾನದಲ್ಲಿದ್ದವರು, 1945ರಲ್ಲಿ ತೀರಿಕೊಂಡವರು. ನಮ್ಮಲ್ಲಿ 2006ರಿಂದಲೇ ಮುಕ್ತ. ಆದರೂ ಎಲ್ಲ ಕಡೆಯ ಲೆಕ್ಕ ಕೈಗೆ ಸಿಗುವವರೆಗೆ ಅದು ಮನೆಯ ಕೀಬೋರ್ಡಿನಲ್ಲೇ ಇರಲಿ ಎಂದುಕೊಂಡಿದ್ದೇನೆ. ದಾಸರು, ತ್ಯಾಗರಾಜರು, ದೀಕ್ಷಿತರು ಇರುವಾಗ ನುಡಿಸಲು ಏನೂ ಕಡಿಮೆಯಿಲ್ಲ.

ಬೇರೆ ಆಟಗಳಲ್ಲೂ ವಾದ್ಯ ಇದೆ. ನನ್ನ ಶಿಷ್ಯೆಯೊಬ್ಬಳು ಗೆನ್ಶಿನ್ ಇಂಪ್ಯಾಕ್ಟ್ ಆಡುತ್ತಾಳೆ. ಅದರ ಲೈರ್‌ನಲ್ಲಿ 21 ಸ್ವರ, ಮೂರು ಸಾಲಿನಲ್ಲಿ ಏಳೇಳು. ಎಲ್ಲ ಬಿಳಿ ಮನೆಗಳು, ಕಪ್ಪು ಮನೆ ಇಲ್ಲ. ಮೋಹನ ಚೆನ್ನಾಗಿ ಬರುತ್ತದೆ. ಇಬ್ಬರೂ ಕೂತು ಮಲಹರಿ ಹುಡುಕಿದೆವು. ‘ಇ’ ಸ್ವರವನ್ನು ಷಡ್ಜ ಮಾಡಿಕೊಂಡರೆ ಸ ರಿ ಮ ಪ ದ ಸ ಸಲೀಸಾಗಿ ಸಿಕ್ಕಿತು. ಅವಳು ಕುಣಿದುಬಿಟ್ಟಳು. ಇಳಿಯುವಾಗ ಗಾಂಧಾರಕ್ಕೆ ಕಪ್ಪು ಮನೆ ಬೇಕು. ಅಲ್ಲಿಗೆ ನಿಂತಿತು. ಮಕ್ಕಳಿಗೆ ಕೈಯಲ್ಲಿ ನುಡಿಸುವ ಖುಷಿಗೆ ಅದು ಒಳ್ಳೇದು. ಗೀತೆ ಪೂರ್ತಿ ಬೇಕು ಅಂದರೆ ನಾನು ಬರೆಯುತ್ತಿರುವ ಈ ಆಟವೇ ಬೇಕು.

ಇದರಲ್ಲಿ ಸರಿಯಾಗಬೇಕಾದ್ದು ಏನು? ನುಡಿಸುತ್ತಿರುವುದು ಯಾವ ಹಾಡು, ಯಾರದ್ದು ಎಂದು ಕೇಳುವವರಿಗೆ ಆಟ ತೋರಿಸುವುದೇ ಇಲ್ಲ. ಫೈಲಿನಲ್ಲಿ ನಾನು ಬರೆದ ಹೆಸರುಗಳೆಲ್ಲ ಫೈಲಿನಲ್ಲೇ ಉಳಿಯುತ್ತವೆ. ಪ್ರತಿ ಹಾಡಿಗೂ ಚಾಟ್‌ನಲ್ಲಿ ನಾವೇ ಟೈಪ್ ಮಾಡಬೇಕು. ಕಛೇರಿಯಲ್ಲಿ ರಾಗ, ತಾಳ, ರಚನೆ ಹೇಳಿ ಎತ್ತಿಕೊಳ್ಳುವ ರೂಢಿಯವರಿಗೆ ಇದು ದೊಡ್ಡ ಕೊರತೆ. ತಪ್ಪು ಬರೆದರೆ ಆಟ ಕೊಡುವ ಸೂಚನೆಯೂ ತುಂಬಾ ಚುಟುಕು. ಹೊಸಬರು ಕಂಗಾಲಾಗುತ್ತಾರೆ. ಒಳ್ಳೇದು ಒಂದಿದೆ: ಬೇರೆಯವರ ಸಂಗೀತ ಬೇಡ ಅಂದವರು ಅದರ ಸದ್ದನ್ನು ಮಾತ್ರ ತಗ್ಗಿಸಿಕೊಳ್ಳಬಹುದು. ಹೀಗಾಗಿ ಪೇಟೆ ಮಧ್ಯೆ ನುಡಿಸಿದರೂ ಯಾರಿಗೂ ಕಿರಿಕಿರಿ ಇಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲೂ ಆಟ ನಡೆಯುತ್ತದೆ. ನನ್ನದಕ್ಕೆ ಏಳು ವರ್ಷ, ಚಿತ್ರದ ಗುಣಮಟ್ಟ ಕಡಿಮೆ ಇಟ್ಟುಕೊಂಡಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಗಮಕ ಇದ್ದಿದ್ದರೆ ಐದೂ ಕೊಡುತ್ತಿದ್ದೆ. ಸಂಗೀತ ಬಲ್ಲವರು, ಕಲಿಯುತ್ತಿರುವವರು, ದೂರದ ಊರಿನಲ್ಲಿ ತಂಗಿಯೋ ಅಣ್ಣನೋ ಇರುವವರು ಒಂದು ಸಲ ನೋಡಿ. ಮೊದಲ ದಿನವೇ ಫೈಲ್ ಇಳಿಸಿಕೊಳ್ಳಬೇಡಿ. ನಿಮಗೆ ಬಾಯಿಪಾಠ ಬರುವ ಒಂದು ಗೀತೆ ಬರೆಯಿರಿ. ಆವರ್ತದ ಗೆರೆ ದಾಟಿದಾಗ ಅಡಿಗೆರೆ ಮತ್ತೆ ಹಾಕುವುದು ನೆನಪಿರಲಿ.

ಆ ಡ್ವಾರ್ಫ್ ಮೊನ್ನೆ ಸಿಕ್ಕಿದ್ದ. ‘ಶ್ರೀ ಗಣನಾಥ’ವನ್ನು ಬ್ಯಾಗ್‌ಪೈಪ್‌ಗೆ ಇಳಿಸಿಕೊಂಡಿದ್ದ. ಕಾಲ ಸ್ವಲ್ಪ ಜಾಸ್ತಿಯಾಗಿತ್ತು, ಎರಡನೇ ಕಾಲಕ್ಕೂ ಮುಂದೆ. ಕೈತಾಳ ಹೇಗೆ ಹಾಕುವುದು ಎಂದು ಕೇಳಿದ. ರೂಪಕಕ್ಕೆ ದ್ರುತ ಒಂದು, ಲಘು ಒಂದು, ಒಟ್ಟು ಆರು ಅಕ್ಷರ ಎಂದು ಟೈಪ್ ಮಾಡಿ ಹೇಳಿಕೊಟ್ಟೆ. ಮುಂದಿನ ವಾರಕ್ಕೆ ‘ಕುಂದಗೌರ’ ಬೇಕಂತೆ. ಇವತ್ತು ಮಕ್ಕಳು ಹೋದ ಮೇಲೆ ಬರೆಯಲು ಕೂರಬೇಕು.